ಆರುವ ಬೆಳಕಿನ ಬೆನ್ನು ಹತ್ತಿ: ಗಾಮಾ ಕಿರಣ ಸ್ಫೋಟದ ಆಫ್ಟರ್‌ಗ್ಲೋ ಅಳೆಯುವ ಬಗೆ

ಇಪ್ಪತ್ತು ಸೆಂಟಿಮೀಟರ್‌ನದ್ದೋ ಅದಕ್ಕಿಂತ ದೊಡ್ಡದೋ ಒಂದು ಟೆಲಿಸ್ಕೋಪ್, ತಣ್ಣಗಿರುವ ಸಿಮಾಸ್ ಕ್ಯಾಮೆರಾ, ಹೇಳಿದ ಕಡೆ ತಿರುಗಿ ನಿಲ್ಲುವ ಮೌಂಟ್. ಇಷ್ಟಿದ್ದವರು ಸಾಮಾನ್ಯವಾಗಿ ನೀಹಾರಿಕೆಗಳ ಚಿತ್ರ ತೆಗೆಯುತ್ತಾರೆ. ಅದೇ ಸಲಕರಣೆಯಿಂದ ಇನ್ನೊಂದು ಕೆಲಸವೂ ಆಗುತ್ತದೆ: ನೂರಾರು ಕೋಟಿ ಜ್ಯೋತಿರ್ವರ್ಷಗಳಾಚೆ ಸತ್ತ ನಕ್ಷತ್ರವೊಂದರ ಬೆಳಕು ನಮ್ಮ ಕಣ್ಣೆದುರೇ ಆರಿಹೋಗುವುದನ್ನು ಅಳೆದು, ಆ ಅಂಕಿಗಳನ್ನು ಖಗೋಳ ವಿಜ್ಞಾನಿಗಳ ಕೈಗೆ ಕೊಡುವುದು. ವೇರಿಯಬಲ್ (ಬೆಳಕು ಏರಿಳಿಯುವ) ನಕ್ಷತ್ರಗಳ ಫೋಟೊಮೆಟ್ರಿಯನ್ನು, ಅಂದರೆ ಬೆಳಕಿನ ಅಳತೆಯನ್ನು, ಒಮ್ಮೆಯಾದರೂ ಮಾಡಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮಾಡದವರು ಮೊದಲು ಅದನ್ನು ಕಲಿಯಿರಿ. ಅಲ್ಲಿ ನಕ್ಷತ್ರ ನಾಳೆಯೂ ಇರುತ್ತದೆ, ಇಲ್ಲಿ ಇರುವುದಿಲ್ಲ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಭಾರೀ ನಕ್ಷತ್ರವೊಂದರ ಗರ್ಭ ಕುಸಿದಾಗ, ಅಥವಾ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದರೊಳಗೊಂದು ಸೇರಿಹೋದಾಗ, ಬೆಳಕಿನ ವೇಗಕ್ಕೆ ಬಹಳ ಹತ್ತಿರದ ವೇಗದಲ್ಲಿ ಕಿರಿದಾದ ಜೆಟ್ ಒಂದು ಹೊರಚಿಮ್ಮುತ್ತದೆ. ಅದು ನಮ್ಮ ಕಡೆಗೆ ಮುಖ ಮಾಡಿದ್ದರೆ ಸೆಕೆಂಡಿನ ಒಂದು ಭಾಗದಿಂದ ಕೆಲವು ನಿಮಿಷಗಳವರೆಗೆ ಗಾಮಾ ಕಿರಣಗಳು ಕಾಣುತ್ತವೆ. ಬಳಿಕ ಆ ಜೆಟ್ ಸುತ್ತಲಿನ ಅನಿಲಕ್ಕೆ ನುಗ್ಗಿ ನಿಧಾನವಾಗುತ್ತದೆ. ಅಲ್ಲೇಳುವ ಆಘಾತ ತರಂಗದಲ್ಲಿ ಸಿಕ್ಕ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ಎಕ್ಸ್-ರೇಯಿಂದ ರೇಡಿಯೊವರೆಗೆ ಎಲ್ಲ ತರಂಗಗಳಲ್ಲೂ ಬೆಳಗುತ್ತವೆ. ಆಫ್ಟರ್‌ಗ್ಲೋ ಎನ್ನುವುದು ಇದನ್ನೇ. ಗಾಮಾ ಸ್ಫೋಟಗಳನ್ನು ಅಮೆರಿಕದ ವೇಲಾ ಉಪಗ್ರಹಗಳು 1967ರಲ್ಲೇ ಹಿಡಿದಿದ್ದವು, ಸುದ್ದಿ ಪ್ರಕಟವಾದದ್ದು 1973ರಲ್ಲಿ. ಆಫ್ಟರ್‌ಗ್ಲೋ ಮೊದಲು ಸಿಕ್ಕಿದ್ದು ಇನ್ನೂ ತಡವಾಗಿ, 1997ರ ಫೆಬ್ರವರಿ 28ರ ಸ್ಫೋಟದಲ್ಲಿ. ಬೆಪ್ಪೊಸ್ಯಾಕ್ಸ್ ಉಪಗ್ರಹ ಎಕ್ಸ್-ರೇಯಲ್ಲಿ ಜಾಗ ತೋರಿಸಿತು. ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷಲ್ ಟೆಲಿಸ್ಕೋಪ್‌ನ ಚಿತ್ರಗಳಲ್ಲಿ ಮಂಕಾಗುತ್ತಿದ್ದ ಚುಕ್ಕೆ ಕಂಡಿತು.

ಇದು ದೊಡ್ಡ ಕನ್ನಡಿಗಳವರ ಕೆಲಸ ಮಾತ್ರ ಎಂದುಕೊಳ್ಳಬೇಡಿ. 1999ರ ಜನವರಿ 23ರ ಸ್ಫೋಟದ ಬೆಳಕು 9ನೇ ಮ್ಯಾಗ್ನಿಟ್ಯೂಡ್‌ವರೆಗೆ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಮಂಕು) ಏರಿದ್ದನ್ನು ಹಿಡಿದದ್ದು ರೋಟ್ಸಿ ಎಂಬ ಯಂತ್ರ. ಅದರಲ್ಲಿದ್ದದ್ದು ನಾಲ್ಕು ಟೆಲಿಫೋಟೊ ಲೆನ್ಸ್‌ಗಳು. 2008ರ ಮಾರ್ಚ್ 19ರ ಸ್ಫೋಟವಂತೂ ಅರ್ಧ ನಿಮಿಷದ ಮಟ್ಟಿಗೆ, ಕತ್ತಲೆ ಜಾಗದಲ್ಲಿ ಸರಿಯಾದ ಕಡೆಗೆ ನೋಡುತ್ತಿದ್ದವರ ಬರಿಗಣ್ಣಿಗೇ ಕಾಣುವಷ್ಟು ಹೊಳೆಯಿತು.

ಮೊದಲು ಗಡಿಯಾರ ಅರ್ಥವಾಗಲಿ

ಉಪಕರಣಕ್ಕಿಂತ ಮುಂಚೆ ತಲೆಗೆ ಹೋಗಬೇಕಾದ ವಿಷಯ ಇದು. ಆಫ್ಟರ್‌ಗ್ಲೋಗೆ ವಿಕಿರಣಶೀಲ ಧಾತುವಿಗಿರುವಂಥ ನಿಗದಿತ ಅರ್ಧಾಯು ಇಲ್ಲ. ಅದು ಪವರ್ ಲಾ ಪ್ರಕಾರ ಮಂಕಾಗುತ್ತದೆ: ಸ್ಫೋಟದಿಂದ ಕಳೆದ ಸಮಯದ ಯಾವುದೋ ಒಂದು ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಆ ಘಾತವನ್ನು ಆಲ್ಫಾ ಎಂದು ಕರೆಯುತ್ತಾರೆ. ಅದು ಬಹಳ ಸಲ 1ರ ಆಸುಪಾಸಿನಲ್ಲಿರುತ್ತದೆ. ಆಲ್ಫಾ 1 ಎಂದಾದರೆ, ಕಳೆದ ಸಮಯ ಎರಡು ಪಟ್ಟಾದಾಗ ಬೆಳಕು ಅರ್ಧವಾಗುತ್ತದೆ, ಅಂದರೆ 0.75 ಮ್ಯಾಗ್ನಿಟ್ಯೂಡ್ ಇಳಿಯುತ್ತದೆ. ಸಮಯ ಹತ್ತು ಪಟ್ಟಾದಾಗ 2.5 ಮ್ಯಾಗ್ನಿಟ್ಯೂಡ್.

ಲೆಕ್ಕ ಹಾಕಿ ನೋಡಿ. ಸ್ಫೋಟದ 10ನೇ ನಿಮಿಷದಲ್ಲಿ 16 ಇದ್ದ ಬೆಳಕು 20ನೇ ನಿಮಿಷಕ್ಕೆ 16.75, 40ಕ್ಕೆ 17.5, 100ನೇ ನಿಮಿಷಕ್ಕೆ 18.5. ಸಾವಿರ ನಿಮಿಷಕ್ಕೆ, ಅಂದರೆ ಹದಿನೇಳು ಗಂಟೆ ತುಂಬುವ ಹೊತ್ತಿಗೆ, 21. ಸಣ್ಣ ಟೆಲಿಸ್ಕೋಪ್‌ಗೆ ಅಲ್ಲಿಗೆ ಆಟ ಮುಗಿದಂತೆ. 10ನೇ ನಿಮಿಷದಿಂದ 20ನೇ ನಿಮಿಷಕ್ಕೆ ಆಗುವ ಇಳಿತವೂ, ಒಂದನೇ ದಿನದಿಂದ ಎರಡನೇ ದಿನಕ್ಕೆ ಆಗುವ ಇಳಿತವೂ ಒಂದೇ. ಹಾಗಾಗಿ ಇಲ್ಲಿ ಸಮಯವನ್ನು ನಿಮಿಷಗಳಲ್ಲಿ ಎಣಿಸಬಾರದು, ಪಟ್ಟುಗಳಲ್ಲಿ ಎಣಿಸಬೇಕು. ಎಷ್ಟು ಹೊತ್ತು ಎಕ್ಸ್‌ಪೋಷರ್ ಕೊಡಬೇಕು, ಎಷ್ಟು ಫ್ರೇಮ್ ಕೂಡಿಸಬೇಕು, ವರದಿಯಲ್ಲಿ ಯಾವ ಸಮಯ ಬರೆಯಬೇಕು ಎಂಬುದೆಲ್ಲ ಈ ಒಂದು ಮಾತಿನಿಂದಲೇ ಹೊರಡುತ್ತದೆ.

ಹಂತ 1: ಸೂಚನೆ ಸಿಗುವಂತೆ ಮಾಡಿಕೊಳ್ಳಿ, ಎಲ್ಲದರ ಹಿಂದೆ ಓಡಬೇಡಿ

ಉಪಗ್ರಹಗಳ ಸೂಚನೆಗಳು ನಾಸಾದ ಜಿಸಿಎನ್ ಜಾಲದ ಮೂಲಕ ಹರಿದು ಬರುತ್ತವೆ. ಉಚಿತವಾಗಿ ನೋಂದಾಯಿಸಿಕೊಂಡರೆ ಇಮೇಲ್‌ಗೆ ಬರುತ್ತವೆ. ಅದರಲ್ಲಿ ಎರಡು ಬಗೆ. ನೋಟಿಸ್ ಎಂದರೆ ಯಂತ್ರ ಯಂತ್ರಕ್ಕೆ ಕಳಿಸುವ ಸಂದೇಶ, ಸೆಕೆಂಡುಗಳಲ್ಲಿ ಬರುತ್ತದೆ. ಸರ್ಕ್ಯುಲರ್ ಎಂದರೆ ವೀಕ್ಷಕರು ಕೂತು ಬರೆದ ಚಿಕ್ಕ ವರದಿ, ಯಾರು ಬೇಕಾದರೂ ಓದಬಹುದು. ಶುರು ಮಾಡುವ ಮುನ್ನ ಹಳೆಯ ಸರ್ಕ್ಯುಲರ್‌ಗಳನ್ನು ಒಂದಷ್ಟು ಓದಿ. ಯಾವ ಪಠ್ಯಪುಸ್ತಕಕ್ಕಿಂತಲೂ ಹೆಚ್ಚು ಕಲಿಸುತ್ತವೆ.

ಬಂದ ಸೂಚನೆಯಲ್ಲಿ ಮೊದಲು ನೋಡಬೇಕಾದದ್ದು ಜಾಗದ ಅನಿಶ್ಚಿತತೆ. ಫರ್ಮಿ ಉಪಗ್ರಹದ ಜಿಬಿಎಂ ಉಪಕರಣ ಬೇಕಾದಷ್ಟು ಸ್ಫೋಟ ಹಿಡಿಯುತ್ತದೆ, ಆದರೆ ಅದು ಹೇಳುವ ಜಾಗ ಹಲವು ಡಿಗ್ರಿಗಳಷ್ಟು ಅಗಲ. ಅಷ್ಟು ಆಕಾಶವನ್ನು ಚಿಕ್ಕ ಟೆಲಿಸ್ಕೋಪ್‌ನಲ್ಲಿ ಜಾಲಾಡುವುದು ವ್ಯರ್ಥ ಶ್ರಮ ಎಂದೇ ನನ್ನ ಅಭಿಪ್ರಾಯ. ಅದನ್ನು ಅಗಲ ನೋಟದ ಸರ್ವೇ ಟೆಲಿಸ್ಕೋಪ್‌ಗಳಿಗೆ ಬಿಡಿ. 2004ರಲ್ಲಿ ಹಾರಿದ ಸ್ವಿಫ್ಟ್‌ನ ಬ್ಯಾಟ್ ಉಪಕರಣದ ಸೂಚನೆ ಸುಮಾರು 3 ಆರ್ಕ್‌ಮಿನಿಟ್‌ನೊಳಗೆ (ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರವತ್ತರಲ್ಲೊಂದು ಭಾಗ, ಅದರ ಅರವತ್ತರಲ್ಲೊಂದು ಭಾಗ ಆರ್ಕ್‌ಸೆಕೆಂಡ್) ಇರುತ್ತದೆ. ಅದರ ಎಕ್ಸ್-ರೇ ದೂರದರ್ಶಕ ಆ ಜಾಗವನ್ನು ನಿಮಿಷಗಳಲ್ಲಿ ಕೆಲವೇ ಆರ್ಕ್‌ಸೆಕೆಂಡಿಗೆ ಇಳಿಸುತ್ತದೆ. 2024ರಲ್ಲಿ ಹಾರಿದ ಐನ್‌ಸ್ಟೈನ್ ಪ್ರೋಬ್ ಮತ್ತು ಎಸ್‌ವಿಒಎಂ ಕೂಡ ಕೆಲವು ಆರ್ಕ್‌ಮಿನಿಟ್‌ಗಳ ಮಟ್ಟದಲ್ಲಿ ಜಾಗ ಹೇಳಬಲ್ಲವು. ನಮ್ಮ ಆಸ್ಟ್ರೋಸ್ಯಾಟ್‌ನ ಸಿಝಡ್‌ಟಿಐ ಉಪಕರಣವೂ ನೂರಾರು ಸ್ಫೋಟಗಳನ್ನು ದಾಖಲಿಸಿದೆ, ಆದರೆ ಅದರ ದತ್ತಾಂಶ ಪರಿಶೀಲನೆಯಾಗಿ ಬರುವುದು ನಂತರ. ತಕ್ಷಣ ಟೆಲಿಸ್ಕೋಪ್ ತಿರುಗಿಸುವವರಿಗೆ ಅದು ದಾರಿ ತೋರುವ ಸೂಚನೆಯಲ್ಲ.

ನಿಮ್ಮ ಕ್ಯಾಮೆರಾದ ನೋಟದೊಳಗೆ ಆ ಅನಿಶ್ಚಿತತೆಯ ವೃತ್ತ ಹಿಡಿಯುತ್ತದೆಯೇ? ಜಾಗ ದಿಗಂತದಿಂದ 30 ಡಿಗ್ರಿಗಿಂತ ಮೇಲಿದೆಯೇ? ಸೂರ್ಯ ಕನಿಷ್ಠ 12 ಡಿಗ್ರಿ ಮುಳುಗಿದ್ದಾನೆಯೇ? ಈ ಮೂರಕ್ಕೂ ಹೌದು ಎಂದಾದರೆ ಹೊರಡಿ. ಚಂದ್ರನಿದ್ದರೆ ಅಡ್ಡಿಯೇ, ಆದರೆ ಬಿಟ್ಟುಬಿಡುವಷ್ಟಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರ್ನಾಟಕದ ಬಹುಪಾಲು ಕಡೆ ಈ ಪ್ರಶ್ನೆಗಳೇ ಏಳುವುದಿಲ್ಲ. ಆ ತಿಂಗಳುಗಳನ್ನು ಹಳೆಯ ದತ್ತಾಂಶದ ಮೇಲೆ ಕೈ ಪಳಗಿಸಿಕೊಳ್ಳಲು ಇಟ್ಟುಕೊಳ್ಳಿ.

ನಮ್ಮ ರೇಖಾಂಶಕ್ಕೊಂದು ವಿಶೇಷವಿದೆ. ಕ್ಯಾನರಿ ದ್ವೀಪಗಳಿಗೂ ಪೂರ್ವ ಆಸ್ಟ್ರೇಲಿಯಕ್ಕೂ ನಡುವಿನ ವಿಶಾಲ ಪಟ್ಟಿಯಲ್ಲಿ ದೊಡ್ಡ ಟೆಲಿಸ್ಕೋಪ್‌ಗಳು ವಿರಳ. ನಮಗೆ ಸಂಜೆಯಾದಾಗ ಚಿಲಿಯಲ್ಲಿ ಬೆಳಗು, ಕ್ಯಾನರಿಯಲ್ಲಿ ಮಧ್ಯಾಹ್ನ. ಆ ಹೊತ್ತಿನಲ್ಲಿ ಸಿಡಿದ ಸ್ಫೋಟದ ಮೊದಲ ಗಂಟೆಗಳು ಹೆಚ್ಚಾಗಿ ಏಷ್ಯಾ, ಆಸ್ಟ್ರೇಲಿಯದವರ ಪಾಲಿಗೇ.

ಹಂತ 2: ಮೊದಲ ಹತ್ತು ನಿಮಿಷ

ಸೂಚನೆ ಬಂದ ಮೇಲೆ ಫೋಕಸ್ ಸರಿಮಾಡುವುದು, ಪೋಲಾರ್ ಅಲೈನ್‌ಮೆಂಟ್ (ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಹೊಂದಿಸುವುದು) ಮಾಡುವುದು ಎಂದು ಕೂತರೆ ಆ ರಾತ್ರಿಯ ಅತ್ಯಂತ ಬೆಲೆಬಾಳುವ ಹೊತ್ತು ಕೈಜಾರುತ್ತದೆ. ಅವೆಲ್ಲ ಸಂಜೆಯೇ ಆಗಿರಬೇಕು. ಬೇರೇನೋ ಚಿತ್ರ ತೆಗೆಯುತ್ತಿರುವಾಗಲೇ ಸೂಚನೆ ಬಂದರೆ ಒಳ್ಳೆಯದೇ, ಎಲ್ಲ ಸಿದ್ಧವಿರುತ್ತದೆ. ನಿರ್ದೇಶಾಂಕ ಕೊಟ್ಟು ತಿರುಗಿಸಿ, ಒಂದು ಚಿತ್ರ ತೆಗೆದು, ಪ್ಲೇಟ್ ಸಾಲ್ವ್ ಮಾಡಿ (ಚಿತ್ರದ ನಕ್ಷತ್ರಗಳನ್ನು ಕ್ಯಾಟಲಾಗ್‌ಗೆ ತಂತ್ರಾಂಶದಿಂದ ಹೊಂದಿಸಿ) ಜಾಗ ಸರಿಯೇ ಎಂದು ನೋಡಿ. ಆಮೇಲೆ ನಿಲ್ಲಿಸದೆ ತೆಗೆಯುತ್ತಲೇ ಇರಿ. ಹುಡುಕಾಟ, ಯೋಚನೆ ಎಲ್ಲ ಚಿತ್ರಗಳು ಬರುತ್ತಿರುವಾಗಲೇ ನಡೆಯಲಿ.

ಎಕ್ಸ್‌ಪೋಷರ್ ಎಷ್ಟು? ನಾನು ಹೇಳುವ ನಿಯಮ ಸರಳ: ಒಂದು ಫ್ರೇಮ್‌ನ ಅವಧಿ, ಸ್ಫೋಟದಿಂದ ಕಳೆದ ಸಮಯದ ಹತ್ತರಲ್ಲೊಂದು ಭಾಗ ಮೀರದಿರಲಿ. ಸ್ಫೋಟದ ಐದನೇ ನಿಮಿಷದಲ್ಲಿದ್ದರೆ 30 ಸೆಕೆಂಡ್, ಇಪ್ಪತ್ತನೇ ನಿಮಿಷದಲ್ಲಿ 120 ಸೆಕೆಂಡ್. ಅದಕ್ಕಿಂತ ಉದ್ದದ ಫ್ರೇಮ್ ತೆಗೆದರೆ ಅದರೊಳಗೇ ಬೆಳಕು ಬದಲಾಗಿರುತ್ತದೆ. ಚಿಕ್ಕ ಫ್ರೇಮ್‌ಗಳನ್ನು ಆಮೇಲೆ ಕೂಡಿಸಬಹುದು, ಉದ್ದದ ಫ್ರೇಮನ್ನು ಒಡೆಯಲು ಬರುವುದಿಲ್ಲ. ತೀರಾ ಉದ್ದ ಬೇಡವೇ ಬೇಡ. ಎರಡು ಮೂರು ನಿಮಿಷ ದಾಟಿದ ಫ್ರೇಮ್‌ಗೆ ಒಂದು ವಿಮಾನವೋ ಉಪಗ್ರಹವೋ ಅಡ್ಡ ಬಂದರೂ ಅಷ್ಟೂ ಹೋಯಿತು.

ಫಿಲ್ಟರ್ ಬಗ್ಗೆ ಹವ್ಯಾಸಿಗಳಲ್ಲಿ ವಾದವಿದೆ. ಫಿಲ್ಟರ್ ಇಲ್ಲದೆ ತೆಗೆದರೆ ಹೆಚ್ಚು ಬೆಳಕು ಸಿಗುತ್ತದೆ ನಿಜ, ಆದರೆ ಬಂದ ಸಂಖ್ಯೆಯನ್ನು ಬೇರೆಯವರ ಅಳತೆಯ ಜೊತೆ ಕೂಡಿಸುವುದು ಕಷ್ಟ. ಮೊದಲ ಕೆಲವು ನಿಮಿಷ ಖಾಲಿಯಾಗಿ ತೆಗೆದು, ಚುಕ್ಕೆ ಕಂಡ ಮೇಲೆ ಕೆಂಪು ಬೆಳಕನ್ನು ಬಿಡುವ ಸ್ಲೋನ್ ಆರ್ ಫಿಲ್ಟರ್‌ಗೆ ಬದಲಾಯಿಸಿ ಎನ್ನುತ್ತೇನೆ. ನಡುವೆ ಕೆಲವು ಫ್ರೇಮ್, ಇನ್ನೂ ಉದ್ದ ತರಂಗದ, ಅವಕೆಂಪಿನ ಅಂಚಿನ ಐ ಫಿಲ್ಟರ್‌ನಲ್ಲೂ ಇರಲಿ. ಅದಕ್ಕೆ ಕಾರಣವಿದೆ. ಬಹುದೂರದ ಸ್ಫೋಟವಾದರೆ ದಾರಿಯಲ್ಲಿನ ಹೈಡ್ರೋಜನ್ 1216 ಆಂಗ್‌ಸ್ಟ್ರಮ್‌ಗಿಂತ ಕಿರಿದಾದ ತರಂಗಗಳನ್ನು ನುಂಗಿರುತ್ತದೆ. ವಿಶ್ವದ ಹಿಗ್ಗುವಿಕೆಯಿಂದ ಆ ಗೆರೆಯೇ ಕೆಂಪಿನ ಕಡೆಗೆ ಸರಿದಿರುತ್ತದೆ: ರೆಡ್‌ಶಿಫ್ಟ್ 5 ಇದ್ದರೆ ಸುಮಾರು 7300 ಆಂಗ್‌ಸ್ಟ್ರಮ್‌ಗೆ. ಆಗ ಆರ್ ಫಿಲ್ಟರ್‌ನಲ್ಲಿ ಏನೂ ಕಾಣದೆ ಐ ಫಿಲ್ಟರ್‌ನಲ್ಲಿ ಕಾಣಬಹುದು. 2009ರ ಏಪ್ರಿಲ್ 23ರ ಸ್ಫೋಟದ ರೆಡ್‌ಶಿಫ್ಟ್ ಸುಮಾರು 8.2, ಅದರ ಆಫ್ಟರ್‌ಗ್ಲೋ ಸಿಕ್ಕಿದ್ದು ಅವಕೆಂಪಿನಲ್ಲಿ ಮಾತ್ರ.

ಕಂಪ್ಯೂಟರ್ ಗಡಿಯಾರವನ್ನು ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿ. ಫೈಲ್‌ನ ಹೆಡರ್‌ನಲ್ಲಿ ಬರೆದಿರುವುದು ಎಕ್ಸ್‌ಪೋಷರ್ ಶುರುವಾದ ಸಮಯವೋ ಮುಗಿದ ಸಮಯವೋ, ಭಾರತೀಯ ಕಾಲಮಾನವೋ ಯುಟಿಯೋ (ಸಾರ್ವತ್ರಿಕ ಕಾಲಮಾನವೋ) ಎಂದು ಮೊದಲೇ ಪರೀಕ್ಷಿಸಿ ಇಟ್ಟುಕೊಳ್ಳಿ. ಪ್ರತಿ ಫ್ರೇಮ್‌ಗೂ ಟೆಲಿಸ್ಕೋಪನ್ನು ಕೆಲವು ಪಿಕ್ಸೆಲ್ ಸರಿಸಿ. ಇಲ್ಲದಿದ್ದರೆ ಕೆಟ್ಟ ಪಿಕ್ಸೆಲ್ ಒಂದೇ ಕಡೆ ನಿಂತು ನಿಮ್ಮನ್ನು ಮೋಸಗೊಳಿಸುತ್ತದೆ. ಕ್ಯಾಮೆರಾದ ದೋಷ ತಿದ್ದುವ ಡಾರ್ಕ್, ಫ್ಲ್ಯಾಟ್ ಚಿತ್ರಗಳು ಎಂದಿನಂತೆ.

ಹಂತ 3: ಹೊಸ ಚುಕ್ಕೆ ಯಾವುದು?

ಫ್ರೇಮ್‌ಗಳನ್ನು ಪ್ಲೇಟ್ ಸಾಲ್ವ್ ಮಾಡಿ, ಅದೇ ಜಾಗದ ಪ್ಯಾನ್-ಸ್ಟಾರ್ಸ್ ಚಿತ್ರವನ್ನು ಪಕ್ಕದಲ್ಲಿಟ್ಟು ಒಂದರ ಮೇಲೊಂದು ಮಿನುಗಿಸಿ ನೋಡಿ. ಪ್ಯಾನ್-ಸ್ಟಾರ್ಸ್ ಸರ್ವೇ ದಕ್ಷಿಣಕ್ಕೆ ಮೈನಸ್ 30 ಡಿಗ್ರಿ ಡೆಕ್ಲಿನೇಷನ್‌ವರೆಗೆ (ಆಕಾಶದ ಅಕ್ಷಾಂಶ) ಇದೆ, ನಮಗೆ ಬೇಕಾದ ಆಕಾಶದ ಹೆಚ್ಚಿನ ಭಾಗ ಅದರಲ್ಲೇ ಸಿಗುತ್ತದೆ. ನಿಮ್ಮ ಚಿತ್ರಕ್ಕಿಂತ ಅದು ಬಹಳ ಆಳ. ಆದ್ದರಿಂದ ನಿಮ್ಮಲ್ಲಿದ್ದು ಅದರಲ್ಲಿಲ್ಲದ ಚುಕ್ಕೆ ಗಂಭೀರ ಅಭ್ಯರ್ಥಿ.

ಅಭ್ಯರ್ಥಿ ಅಷ್ಟೇ, ಇನ್ನೂ ಆಫ್ಟರ್‌ಗ್ಲೋ ಅಲ್ಲ. ಕ್ಷುದ್ರಗ್ರಹ ಇರಬಹುದು. ಮೈನರ್ ಪ್ಲಾನೆಟ್ ಸೆಂಟರ್‌ನ ತಾಣದಲ್ಲಿ ಆ ಜಾಗ, ಆ ಸಮಯ ಕೊಟ್ಟು ವಿಚಾರಿಸಿ. ಕ್ರಾಂತಿವೃತ್ತದ ಹತ್ತಿರವಾದರೆ ಇದನ್ನು ಬಿಡಲೇಬೇಡಿ. ಅರ್ಧ ಗಂಟೆಯ ಅಂತರದ ಎರಡು ಫ್ರೇಮ್ ಹೋಲಿಸಿದರೆ ಹೆಚ್ಚಿನ ಕ್ಷುದ್ರಗ್ರಹಗಳು ಸರಿದದ್ದು ಗೊತ್ತಾಗುತ್ತದೆ. ಜ್ವಾಲೆ ಉಗುಳುವ ಕೆಂಪು ಕುಬ್ಜ ನಕ್ಷತ್ರಗಳೂ ಹೀಗೆ ಹೊಸದಾಗಿ ಕಾಣಿಸಿಕೊಂಡು ಮಂಕಾಗುತ್ತವೆ. ಆದರೆ ಅವುಗಳ ಜಾಗದಲ್ಲಿ ಹಳೆಯ ಚಿತ್ರದಲ್ಲಿ ಒಂದು ಕೆಂಪು ಚುಕ್ಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎಕ್ಸ್-ರೇ ದೂರದರ್ಶಕ ಕೊಟ್ಟ ವೃತ್ತದೊಳಗೇ ನಿಮ್ಮ ಚುಕ್ಕೆ ಇದ್ದು, ಮಂಕಾಗುತ್ತಲೂ ಇದ್ದರೆ ಅನುಮಾನ ಬಹುಪಾಲು ತೀರುತ್ತದೆ.

ಏನೂ ಕಾಣದಿದ್ದರೆ? ಅದೂ ಫಲಿತಾಂಶವೇ. ಗಣನೀಯ ಸಂಖ್ಯೆಯ ಸ್ಫೋಟಗಳಿಗೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಆಫ್ಟರ್‌ಗ್ಲೋ ಸಿಗುವುದೇ ಇಲ್ಲ. ದೂಳಿನ ಮರೆಯಲ್ಲಿರಬಹುದು, ಬಹಳ ದೂರವಿರಬಹುದು, ಸುಮ್ಮನೆ ಮಂಕಾಗಿರಬಹುದು. ನಿಮ್ಮ ಚಿತ್ರದಲ್ಲಿ ಹಿನ್ನೆಲೆಯ ಏರಿಳಿತದ ಮೂರು ಪಟ್ಟು ಬೆಳಕಿರುವ ನಕ್ಷತ್ರದ ಮ್ಯಾಗ್ನಿಟ್ಯೂಡ್ ಎಷ್ಟೆಂದು ಅಳೆದು, ಇದಕ್ಕಿಂತ ಮಂಕು ಎಂದು ಬರೆಯಿರಿ. ಹದಿನೈದನೇ ನಿಮಿಷಕ್ಕೆ 17.5ಕ್ಕಿಂತ ಮಂಕು ಎಂಬ ಮಾತು, ಮರುದಿನ ಯಾರೋ ದೊಡ್ಡ ಕನ್ನಡಿಯಲ್ಲಿ ಕಂಡದ್ದಕ್ಕಿಂತ ಉಪಯುಕ್ತವಾಗುವ ಸಂದರ್ಭಗಳಿವೆ.

ಹಂತ 4: ಅಳತೆ

ಆಸ್ಟ್ರೋಇಮೇಜ್‌ಜೆಯಂಥ ಉಚಿತ ತಂತ್ರಾಂಶ ಸಾಕು. ಅದೇ ಫ್ರೇಮ್‌ನಲ್ಲಿರುವ ಐದಾರು ನಕ್ಷತ್ರಗಳನ್ನು ಹೋಲಿಕೆಗೆ ಆರಿಸಿ, ಅವುಗಳ ಮ್ಯಾಗ್ನಿಟ್ಯೂಡನ್ನು ಪ್ಯಾನ್-ಸ್ಟಾರ್ಸ್ ಅಥವಾ ಎಪಾಸ್ ಕ್ಯಾಟಲಾಗ್‌ನಿಂದ ತೆಗೆದುಕೊಳ್ಳಿ. ತೀರಾ ಕೆಂಪು, ತೀರಾ ನೀಲಿ ನಕ್ಷತ್ರ ಬೇಡ. ಪ್ಯಾನ್-ಸ್ಟಾರ್ಸ್ ಚಿತ್ರದಲ್ಲಿ ತುಂಬ ಪ್ರಕಾಶದ ನಕ್ಷತ್ರಗಳು ಉಕ್ಕಿಹೋಗಿರುತ್ತವೆ, ಅಂಥವಕ್ಕೆ ಎಪಾಸ್ ವಾಸಿ. ದೋಷದ ಅಂದಾಜು 1.086 ಭಾಗಿಸು ಸಿಗ್ನಲ್-ನಾಯ್ಸ್ ಅನುಪಾತ (ಚುಕ್ಕೆಯ ಬೆಳಕಿಗೂ ಗದ್ದಲಕ್ಕೂ ಇರುವ ಅನುಪಾತ): ಅನುಪಾತ 10 ಇದ್ದರೆ 0.11 ಮ್ಯಾಗ್ನಿಟ್ಯೂಡ್. ಹೋಲಿಕೆ ನಕ್ಷತ್ರಗಳು ತಮ್ಮತಮ್ಮಲ್ಲೇ ಎಷ್ಟು ಚದುರಿವೆ ಎಂಬುದನ್ನೂ ಅದಕ್ಕೆ ಸೇರಿಸಿ. ಹವ್ಯಾಸಿಗಳ ಅಂಕಿಗಳಲ್ಲಿ ಹೆಚ್ಚಾಗಿ ಕಾಣೆಯಾಗುವುದು ಇದೇ.

ಹಂತ 5: ಕೂಡಿಸುವಾಗ ಎಲ್ಲಿ ನಿಲ್ಲಬೇಕು

ನೀಹಾರಿಕೆಯ ಚಿತ್ರ ತೆಗೆಯುವವರಿಗೆ ಇಲ್ಲೊಂದು ಅಭ್ಯಾಸ ಅಡ್ಡ ಬರುತ್ತದೆ. ಅಲ್ಲಿ ಹೆಚ್ಚು ಫ್ರೇಮ್ ಕೂಡಿಸಿದಷ್ಟೂ ಲಾಭ. ಹದಿನಾರು ಫ್ರೇಮ್ ಕೂಡಿಸಿದರೆ ಸಿಗ್ನಲ್-ನಾಯ್ಸ್ ನಾಲ್ಕು ಪಟ್ಟು, ಅಂದರೆ 1.5 ಮ್ಯಾಗ್ನಿಟ್ಯೂಡ್ ಹೆಚ್ಚು ಆಳ. ಆರುತ್ತಿರುವ ಬೆಳಕಿಗೆ ಈ ಲೆಕ್ಕ ಒಂದು ಮಿತಿಯವರೆಗೆ ಮಾತ್ರ ನಡೆಯುತ್ತದೆ.

ಆಲ್ಫಾ 1 ಎಂದುಕೊಳ್ಳಿ. ಒಂದು ಸಮಯದಿಂದ ಇನ್ನೊಂದು ಸಮಯದವರೆಗೆ ಬಂದು ಸೇರುವ ಬೆಳಕು, ಆ ಎರಡು ಸಮಯಗಳ ಅನುಪಾತದ ಲಾಗರಿದಂಗೆ ತಕ್ಕಂತೆ ಬೆಳೆಯುತ್ತದೆ. ಆಕಾಶದ ಹಿನ್ನೆಲೆಯ ಗದ್ದಲ ಮಾತ್ರ ಒಟ್ಟು ಎಕ್ಸ್‌ಪೋಷರ್‌ನ ವರ್ಗಮೂಲದಂತೆ ಬೆಳೆಯುತ್ತ ಹೋಗುತ್ತದೆ. ಲಾಗರಿದಂ ಬೇಗ ಸುಸ್ತಾಗುತ್ತದೆ, ವರ್ಗಮೂಲ ಸುಸ್ತಾಗುವುದಿಲ್ಲ. ಎರಡನ್ನೂ ಭಾಗಿಸಿ ಗರಿಷ್ಠ ಎಲ್ಲಿ ಎಂದು ನೋಡಿದರೆ ಉತ್ತರ ಸುಮಾರು 4.9 ಪಟ್ಟಿಗೆ ಬರುತ್ತದೆ. ಅಂದರೆ ನೀವು 10ನೇ ನಿಮಿಷದಲ್ಲಿ ಶುರು ಮಾಡಿದ್ದರೆ, ನೇರವಾಗಿ ಕೂಡಿಸಿದ ಚಿತ್ರ ಅತ್ಯುತ್ತಮವಾಗಿರುವುದು 49ನೇ ನಿಮಿಷದವರೆಗಿನ ಫ್ರೇಮ್‌ಗಳಿಂದ. ಅಲ್ಲಿಂದ 200ನೇ ನಿಮಿಷದವರೆಗೆ ತೆಗೆದ ಎರಡೂವರೆ ಗಂಟೆಯ ಫ್ರೇಮ್‌ಗಳನ್ನೂ ಅದೇ ಚಿತ್ರಕ್ಕೆ ಸುರಿದರೆ ಗುಣಮಟ್ಟ ಏರುವ ಬದಲು ಶೇಕಡ 15ರಷ್ಟು ಇಳಿಯುತ್ತದೆ! ರಾತ್ರಿಯೆಲ್ಲ ನಿದ್ದೆಗೆಟ್ಟು ತೆಗೆದ ಚಿತ್ರಗಳು ಸಂಜೆಯ ಫಲವನ್ನು ಕೆಡಿಸುತ್ತವೆ ಎಂದರೆ ನಂಬಲು ಕಷ್ಟ, ಆದರೆ ಕಾಗದದ ಮೇಲೆ ನೀವೇ ಮಾಡಿ ನೋಡಬಹುದು. ತಡವಾದ ಫ್ರೇಮ್‌ಗಳನ್ನು ಎಸೆಯಬೇಕಿಲ್ಲ, ಅವನ್ನು ಬೇರೆ ಗುಂಪಾಗಿ ಕೂಡಿಸಿ, ಬೇರೆ ಬಿಂದುವಾಗಿ ಅಳೆಯಿರಿ. ಗುಂಪುಗಳನ್ನೂ ಪಟ್ಟುಗಳಲ್ಲೇ ಮಾಡಿ: 10ರಿಂದ 15, 15ರಿಂದ 23, 23ರಿಂದ 35, ಹೀಗೆ. ಮೊದಲ ಗುಂಪಿನಲ್ಲಿ ಕೆಲವೇ ಫ್ರೇಮ್, ಕೊನೆಯದರಲ್ಲಿ ಡಜನ್‌ಗಟ್ಟಲೆ ಇರುವುದು ಸರಿಯೇ.

ಗುಂಪಿನ ಸಮಯ ಯಾವುದು ಎಂಬುದರಲ್ಲೂ ಇದೇ ಪೇಚು. 10ರಿಂದ 40ನೇ ನಿಮಿಷದವರೆಗೆ ಕೂಡಿಸಿದ ಚಿತ್ರಕ್ಕೆ ನಡುಸಮಯ 25 ಎಂದು ಬರೆಯುವುದು ಸಹಜವಾಗಿ ಕಾಣುತ್ತದೆ. ಆದರೆ ಆಲ್ಫಾ 1 ಇದ್ದಾಗ ಅಷ್ಟೂ ಹೊತ್ತಿನ ಸರಾಸರಿ ಬೆಳಕು ನಿಜಕ್ಕೂ ಇದ್ದದ್ದು 21.6ನೇ ನಿಮಿಷದಲ್ಲಿ. 25 ಎಂದು ಬರೆದರೆ 0.16 ಮ್ಯಾಗ್ನಿಟ್ಯೂಡ್‌ನಷ್ಟು ತಪ್ಪು ನುಸುಳುತ್ತದೆ, ಅದು ನಿಮ್ಮ ಅಳತೆಯ ದೋಷಕ್ಕಿಂತ ದೊಡ್ಡದಿರಬಹುದು. ಗುಂಪುಗಳು ಚಿಕ್ಕದಿದ್ದರೆ ಈ ತೊಂದರೆ ತಾನಾಗಿ ಕರಗುತ್ತದೆ. ಏನೇ ಆದರೂ ಶುರುವಿನ ಸಮಯ, ಕೊನೆಯ ಸಮಯ ಎರಡನ್ನೂ ಬರೆದಿಡಿ.

ಹಂತ 6: ಶೂನ್ಯ ಎಲ್ಲಿದೆ?

ಮೇಲಿನ ಎಲ್ಲ ಪಟ್ಟುಗಳನ್ನೂ ಎಣಿಸುವುದು ಸ್ಫೋಟದ ಕ್ಷಣದಿಂದ. ಖಗೋಳಜ್ಞರು ಅದನ್ನು ಟಿ0 ಎನ್ನುತ್ತಾರೆ. ಅದನ್ನೇ ತಪ್ಪಾಗಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ 2022ರ ಅಕ್ಟೋಬರ್ 9ರ ಸ್ಫೋಟಕ್ಕಿಂತ ಒಳ್ಳೆಯ ಪಾಠ ಇಲ್ಲ. ಹೆಸರು ಜಿಆರ್‌ಬಿ 221009ಎ. ವರ್ಷ, ತಿಂಗಳು, ದಿನ, ಆ ದಿನದ ಮೊದಲನೆಯದು ಎಂದರ್ಥ. ದಾಖಲಾದವುಗಳಲ್ಲೇ ಅತ್ಯಂತ ಪ್ರಕಾಶಮಾನವಾದ ಸ್ಫೋಟ ಇದು. ಭೂಮಿಯ ಅಯಾನುಗೋಲವೇ ಅಲುಗಿದ್ದು ದಾಖಲಾಗಿದೆ.

ಅಂದು ಸೀಗೆ ಹುಣ್ಣಿಮೆ, ಭಾನುವಾರ. ಭಾರತೀಯ ಕಾಲಮಾನ ಸಂಜೆ 6 ಗಂಟೆ 47 ನಿಮಿಷಕ್ಕೆ ಫರ್ಮಿ ಅದನ್ನು ದಾಖಲಿಸಿತು. ಜಾಗ ಶ್ರವಣ ಮತ್ತು ಅಭಿಜಿತ್ ನಕ್ಷತ್ರಗಳ ನಡುವೆ, ಸಜಿಟ್ಟಾ ಎಂಬ ಪುಟ್ಟ ಪುಂಜದಲ್ಲಿ. ಬೆಂಗಳೂರಿನವರಿಗೆ ಹೆಚ್ಚುಕಡಿಮೆ ನೆತ್ತಿಯ ಹತ್ತಿರ. ಆದರೆ ಸ್ವಿಫ್ಟ್‌ನ ಬ್ಯಾಟ್ ಸೂಚನೆ ಕಳಿಸಿದ್ದು 7 ಗಂಟೆ 40ಕ್ಕೆ, ಸುಮಾರು 53 ನಿಮಿಷ ತಡವಾಗಿ. ಅದು ಕಂಡದ್ದು ಸ್ಫೋಟವನ್ನಲ್ಲ, ಅಷ್ಟು ಹೊತ್ತಾದರೂ ಉರಿಯುತ್ತಿದ್ದ ಆಫ್ಟರ್‌ಗ್ಲೋವನ್ನು. ಜಾಗ ಕ್ಷೀರಪಥದ ಪಟ್ಟಿಯ ಪಕ್ಕದಲ್ಲೇ ಇದ್ದುದರಿಂದ, ಇದು ನಮ್ಮ ಗ್ಯಾಲಕ್ಸಿಯದೇ ಯಾವುದೋ ಹೊಸ ಎಕ್ಸ್-ರೇ ಆಕರ ಎಂದು ಮೊದಲು ಭಾವಿಸಿ ಸ್ವಿಫ್ಟ್ ಜೆ1913.1+1946 ಎಂದು ಹೆಸರಿಟ್ಟರು. ಫರ್ಮಿಯ ಸ್ಫೋಟವೂ ಇದೂ ಒಂದೇ ಎಂದು ತಿಳಿದದ್ದು ಬಳಿಕ. ಚಿಲಿಯ ದೊಡ್ಡ ಟೆಲಿಸ್ಕೋಪ್ ವಿಎಲ್‌ಟಿಯಿಂದ ರೆಡ್‌ಶಿಫ್ಟ್ 0.151 ಎಂದು ಬಂತು, ಅಂದರೆ ಆ ಬೆಳಕು ಹೊರಟು ಸುಮಾರು 190 ಕೋಟಿ ವರ್ಷ.

ಈಗ ಅಂದು ಸ್ವಿಫ್ಟ್‌ನ ಸೂಚನೆಯಾದ 30ನೇ ನಿಮಿಷದಲ್ಲೊಂದು, 120ನೇ ನಿಮಿಷದಲ್ಲೊಂದು ಅಳತೆ ಮಾಡಿದ ವೀಕ್ಷಕರನ್ನು ಊಹಿಸಿಕೊಳ್ಳಿ. ನಿಜವಾದ ಟಿ0ಯಿಂದ ಆ ಸಮಯಗಳು 83 ಮತ್ತು 173 ನಿಮಿಷ, ಅನುಪಾತ 2.08. ಆಲ್ಫಾ 1 ಇದ್ದರೆ ಇಳಿತ ಸುಮಾರು 0.8 ಮ್ಯಾಗ್ನಿಟ್ಯೂಡ್. ಆದರೆ ಸ್ವಿಫ್ಟ್‌ನ ಸಮಯವನ್ನೇ ಶೂನ್ಯ ಎಂದು ಹಿಡಿದವರ ಪಾಲಿಗೆ ಅನುಪಾತ 4. ಅದೇ 0.8 ಮ್ಯಾಗ್ನಿಟ್ಯೂಡ್‌ನಿಂದ ಅವರಿಗೆ ಸಿಗುವ ಆಲ್ಫಾ 0.53. ಮಾಡಿದ ಅಳತೆ ಸರಿ, ಹೇಳಿದ ಭೌತಶಾಸ್ತ್ರ ಸುಳ್ಳು. ಹಾಗಾಗಿ ಕಚ್ಚಾ ದಾಖಲೆಯಲ್ಲಿ ಯಾವಾಗಲೂ ಯುಟಿ ಸಮಯವನ್ನೇ ಇಡಿ. ಟಿ0ಯಿಂದ ಕಳೆದ ಸಮಯವನ್ನು ಅದರ ಪಕ್ಕದಲ್ಲಿ ಬರೆಯಿರಿ, ಯಾವ ಉಪಗ್ರಹದ ಟಿ0 ಎಂದೂ ಹೇಳಿ. ಟಿ0 ಬದಲಾದರೆ ಹೊಸದಾಗಿ ಲೆಕ್ಕ ಹಾಕಿಕೊಂಡರಾಯಿತು.

ಆಲ್ಫಾ ಕಂಡುಹಿಡಿಯುವುದು ಸುಲಭ. ಎರಡು ಅಳತೆಗಳ ಮ್ಯಾಗ್ನಿಟ್ಯೂಡ್ ವ್ಯತ್ಯಾಸವನ್ನು, ಎರಡು ಸಮಯಗಳ ಅನುಪಾತದ (ಆಧಾರ 10ರ) ಲಾಗರಿದಂನ 2.5 ಪಟ್ಟಿನಿಂದ ಭಾಗಿಸಿ. ಬಿಂದುಗಳು ಹಲವಿದ್ದರೆ ಅಡ್ಡ ಅಕ್ಷವನ್ನು ಲಾಗರಿದಂನಲ್ಲಿಟ್ಟು ಗ್ರಾಫ್ ಹಾಕಿ. ಪವರ್ ಲಾ ನೇರ ಗೆರೆಯಾಗಿ ಕಾಣುತ್ತದೆ. ಗೆರೆಯಿಂದ ಬಿಂದುಗಳು ಸರಿದರೆ ಮೊದಲು ಮೋಡವನ್ನು ಶಂಕಿಸಿ, ಆಮೇಲೆ ಪ್ರಕೃತಿಯನ್ನು.

ಹಂತ 7: ವರದಿ

ಜಿಸಿಎನ್‌ಗೆ ಸರ್ಕ್ಯುಲರ್ ಕಳಿಸಲು ಖಾತೆಯ ಜೊತೆಗೆ ಈಗಾಗಲೇ ಅಲ್ಲಿರುವ ಬಳಕೆದಾರರೊಬ್ಬರ ಅನುಮೋದನೆ ಬೇಕು. ಒಂಟಿಯಾಗಿ ಶುರು ಮಾಡುವುದಕ್ಕಿಂತ ಒಂದು ಜಾಲಕ್ಕೆ ಸೇರುವುದು ಒಳ್ಳೆಯದು. ಗ್ರ್ಯಾಂಡ್ಮಾ ಎಂಬ ಅಂತರರಾಷ್ಟ್ರೀಯ ಜಾಲದಲ್ಲಿ ಕಿಲೋನೋವಾ-ಕ್ಯಾಚರ್ ಎಂಬ ಹವ್ಯಾಸಿಗಳ ವಿಭಾಗವಿದೆ. 221009ಎ ಕುರಿತು ಆ ಜಾಲ 2023ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹವ್ಯಾಸಿಗಳ ಅಳತೆಗಳೂ ಸೇರಿವೆ.

ವರದಿ ಹತ್ತು ಸಾಲು ಇದ್ದರೆ ಸಾಕು: ಟೆಲಿಸ್ಕೋಪ್‌ನ ವ್ಯಾಸ, ಜಾಗ, ಶುರುವಾದ ಯುಟಿ ಸಮಯ, ಟಿ0ಯಿಂದ ಕಳೆದ ಸಮಯ, ಫ್ರೇಮ್‌ಗಳ ಸಂಖ್ಯೆ ಮತ್ತು ಅವಧಿ, ಫಿಲ್ಟರ್, ಮ್ಯಾಗ್ನಿಟ್ಯೂಡ್, ದೋಷ, ಹೋಲಿಕೆಯ ಕ್ಯಾಟಲಾಗ್. ನಮ್ಮ ಗ್ಯಾಲಕ್ಸಿಯ ದೂಳಿನ ತಿದ್ದುಪಡಿ ಮಾಡಿದ್ದೀರೋ ಇಲ್ಲವೋ ಎಂದು ತಪ್ಪದೆ ಬರೆಯಿರಿ. ಮಾಡದೆ ಕೊಡುವುದೇ ವಾಡಿಕೆ. 221009ಎ ದಿಕ್ಕಿನಲ್ಲಿ ಆ ದೂಳು ಹಸಿರು-ಹಳದಿ ಬೆಳಕಿನಲ್ಲಿ ಸುಮಾರು 4 ಮ್ಯಾಗ್ನಿಟ್ಯೂಡ್‌ನಷ್ಟು ಬೆಳಕು ಕುಡಿದಿತ್ತು. ಹೇಳದೆ ಬಿಟ್ಟರೆ ಓದುವವರಿಗೆ ಅಂಕಿ ನಿರುಪಯೋಗಿ.

ನಿಮ್ಮ ಹತ್ತು ಸಾಲನ್ನು ಕಾಯುವವರು ಯಾರು? ಲಡಾಖ್‌ನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ನಡೆಸುವವರು ಕೂರುವುದು ಬೆಂಗಳೂರಿನ ಹೊರಗೆ ಹೊಸಕೋಟೆಯಲ್ಲಿ, ಭಾರತೀಯ ಖಗೋಳ ಭೌತ ಸಂಸ್ಥೆಯ ಕ್ರೆಸ್ಟ್ ಆವರಣದಲ್ಲಿ. ಆದೇಶಗಳು ಉಪಗ್ರಹ ಸಂಪರ್ಕದ ಮೂಲಕ ಹಾನ್ಲೆ ತಲುಪುತ್ತವೆ. ಅದೇ ಗುಡ್ಡದಲ್ಲಿ 0.7 ಮೀಟರ್‌ನ ಗ್ರೋತ್-ಇಂಡಿಯಾ ಟೆಲಿಸ್ಕೋಪ್ 2018ರಿಂದ ಇಂಥ ಕ್ಷಣಿಕ ಆಕರಗಳಿಗೆಂದೇ ಕೆಲಸ ಮಾಡುತ್ತಿದೆ. ಉತ್ತರಾಖಂಡದ ದೇವಸ್ಥಲದಲ್ಲಿ 3.6 ಮೀಟರ್‌ನದ್ದಿದೆ. ಇಂಥ ದೊಡ್ಡ ಟೆಲಿಸ್ಕೋಪ್‌ನ ಆ ರಾತ್ರಿಯ ಕೆಲಸ ಇನ್ನಾರಿಗೋ ಮೀಸಲಾಗಿರುತ್ತದೆ. ಅದನ್ನು ತಡೆದು ಸ್ಪೆಕ್ಟ್ರಂ ತೆಗೆಯಬೇಕಾದರೆ ಚುಕ್ಕೆ ನಿಖರವಾಗಿ ಎಲ್ಲಿದೆ, ಇನ್ನೊಂದು ಗಂಟೆಗೆ ಎಷ್ಟು ಮಂಕಾಗಿರುತ್ತದೆ ಎಂದು ಗೊತ್ತಿರಬೇಕು. ಅದನ್ನು ಹೇಳಲು 30 ಸೆಂಟಿಮೀಟರ್ ಕನ್ನಡಿ ಸಾಕು.

ಹಂತ 8: ಮುಂದಿನ ರಾತ್ರಿಗಳು

ಬಹುತೇಕ ಸ್ಫೋಟಗಳು ಮರುದಿನಕ್ಕೆ ಸಣ್ಣ ಟೆಲಿಸ್ಕೋಪ್‌ಗಳ ಕೈಗೆ ಸಿಗುವುದಿಲ್ಲ. ಸಿಕ್ಕರೆ ಬಿಡಬೇಡಿ. 2003ರ ಮಾರ್ಚ್ 29ರ ಸ್ಫೋಟ ಒಂದು ಗಂಟೆಯ ಮೇಲೂ 12–13ನೇ ಮ್ಯಾಗ್ನಿಟ್ಯೂಡ್‌ನಲ್ಲಿತ್ತು. ಅದರ ಬೆಳಕು ಇಳಿಯುತ್ತ ಹೋದಂತೆ ಒಳಗಿನಿಂದ ಎಸ್‌ಎನ್ 2003ಡಿಎಚ್ ಎಂಬ ಸೂಪರ್‌ನೋವಾದ ಸ್ಪೆಕ್ಟ್ರಂ ಹೊರಬಿತ್ತು. ದೀರ್ಘ ಗಾಮಾ ಸ್ಫೋಟಗಳಿಗೂ ಭಾರೀ ನಕ್ಷತ್ರಗಳ ಸಾವಿಗೂ ಇರುವ ಸಂಬಂಧ ಅಲ್ಲಿಗೆ ಖಚಿತವಾಯಿತು. ಹತ್ತಿರದ ಸ್ಫೋಟವಾದರೆ ಎರಡು ಮೂರು ವಾರಗಳ ಸುತ್ತ ಇಳಿಜಾರಿನ ಮೇಲೆ ಇಂಥ ಉಬ್ಬು ಕಾಣಬಹುದು.

ಅದಕ್ಕೂ ಮುಂಚೆ, ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ, ಗೆರೆ ಒಮ್ಮೆಲೇ ಕಡಿದಾಗಬಹುದು: ಆಲ್ಫಾ 1ರ ಹತ್ತಿರದಿಂದ 2ರ ಹತ್ತಿರಕ್ಕೆ. ಜೆಟ್ ನಿಧಾನವಾಗಿ ಅದರ ಅಂಚು ನಮಗೆ ಕಾಣತೊಡಗಿದಾಗ ಹೀಗಾಗುತ್ತದೆ. ಎಲ್ಲ ಬಣ್ಣಗಳಲ್ಲೂ ಒಂದೇ ಸಮಯಕ್ಕೆ ಆಗುವುದು ಇದರ ಗುರುತು. ಎರಡು ಫಿಲ್ಟರ್‌ಗಳಲ್ಲಿ ಅಳತೆ ಇದ್ದವರಿಗೆ ಆ ಗುರುತು ಸಿಗುತ್ತದೆ. ಆ ಬಾಗು ಎಂದಾಯಿತು ಎಂಬುದರಿಂದ ಜೆಟ್ ಎಷ್ಟು ಅಗಲ, ಸ್ಫೋಟದ ನಿಜವಾದ ಶಕ್ತಿ ಎಷ್ಟು ಎಂದು ಲೆಕ್ಕ ಹಾಕುತ್ತಾರೆ.

ತಡವಾದ ಅಳತೆಗಳಲ್ಲಿ ಇನ್ನೊಂದು ತೊಡಕಿದೆ. ಚುಕ್ಕೆ ಮಂಕಾಗುತ್ತಿದ್ದುದು ಒಂದು ಹಂತದಲ್ಲಿ ನಿಂತುಬಿಟ್ಟಂತೆ ಕಾಣುತ್ತದೆ. ಬಹಳ ಸಲ ಅದು ಆಫ್ಟರ್‌ಗ್ಲೋ ಅಲ್ಲ, ಅದಿರುವ ಗ್ಯಾಲಕ್ಸಿಯ ಬೆಳಕು ಅಥವಾ ಪಕ್ಕದ ಮಂಕು ನಕ್ಷತ್ರ. ಇದನ್ನು ಬಿಡಿಸಲು ಕೆಲವು ತಿಂಗಳು ಬಿಟ್ಟು, ಎಲ್ಲ ಆರಿದ ಮೇಲೆ, ಅದೇ ಟೆಲಿಸ್ಕೋಪ್, ಅದೇ ಕ್ಯಾಮೆರಾ, ಅದೇ ಫಿಲ್ಟರ್‌ನಲ್ಲಿ ಅದೇ ಜಾಗದ ಚಿತ್ರ ತೆಗೆಯಿರಿ. ಈ ಸಲ ಮಂಕಾಗುವ ಭಯ ಇಲ್ಲದ್ದರಿಂದ ಎಷ್ಟು ಫ್ರೇಮ್ ಬೇಕಾದರೂ ಕೂಡಿಸಬಹುದು. ಅದನ್ನು ಹಳೆಯ ಚಿತ್ರಗಳಿಂದ ಕಳೆದು ಹೊಸದಾಗಿ ಅಳೆಯಿರಿ. ಕೊನೆಯ ಬಿಂದುಗಳು ಬದಲಾದರೆ, ಮೊದಲು ಕಳಿಸಿದ ಸರ್ಕ್ಯುಲರ್‌ನ ಸಂಖ್ಯೆ ನಮೂದಿಸಿ ತಿದ್ದಿದ ಅಂಕಿಗಳನ್ನು ಕಳಿಸಿಬಿಡಿ.